ಊರ ಗಾಯರಾಣಕ್ಕೆ ಯಾರು ಒಡೆಯರು? ಕುಸನೂರ ಸತ್ಯಾಗ್ರಹದ ಹಿಂದು ಮುಂದು



ಒಕ್ಕಲೆಬ್ಬಿಸುವುದು ಎಂದ ಕೂಡಲೇ ನಮ್ಮ ಭಾಗದವರ ಕಣ್ಣಿಗೆ ಕಟ್ಟುವುದು ಅಣೆಕಟ್ಟಿನ ಹಿನ್ನೀರು. ಆಲಮಟ್ಟಿಯ ನೀರಿಗೆ ಹೋದ ಹಳೆ ಬಾಗಲಕೋಟೆ, ಟ್ರ್ಯಾಕ್ಟರಿಗೆ ಹೇರಿದ ಬಾಗಿಲು ಚೌಕಟ್ಟು, ಪುನರ್ವಸತಿ ಕೇಂದ್ರದ ತಗಡಿನ ಶೆಡ್ಡು. ಅಲ್ಲಿ ನಷ್ಟ ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಪರಿಹಾರದ ಮಾತಾದರೂ ಬರುತ್ತದೆ. ನಾನು ಇವತ್ತು ಹೇಳಬೇಕೆಂದಿರುವುದು ಹಾಗೆ ಕಾಣದ ಒಂದು ಬಗೆಯನ್ನು. ಇದರಲ್ಲಿ ಮನೆ ಇದ್ದಲ್ಲೇ ಇರುತ್ತದೆ. ಗುಡಿ, ಕಟ್ಟೆ, ಬಾವಿ ಯಾವುದೂ ಅಲುಗುವುದಿಲ್ಲ. ಊರಾಚೆಯ ಗಾಯರಾಣದ, ಅಂದರೆ ಊರ ದನಕರು ಮೇಯುವ ನೆಲದ, ಸುತ್ತ ಒಂದು ದಿನ ಗಟಾರ ತೋಡುತ್ತಾರೆ, ಕಾವಲಿನವನನ್ನು ನಿಲ್ಲಿಸುತ್ತಾರೆ. ಮರುದಿನದಿಂದ ಕುರಿಗೆ ಮೇವಿಲ್ಲ, ಒಲೆಗೆ ಕಟ್ಟಿಗೆಯಿಲ್ಲ. ಪರಿಹಾರ ಕೇಳಲು ಕಚೇರಿಗೆ ಹೋದರೆ ಗುಮಾಸ್ತ ಕೇಳುತ್ತಾನೆ: "ನಿಮ್ಮದೇನು ಹೋತು?"

ಉತ್ತರ ಕೊಡುವುದು ಕಷ್ಟ. ಹೋದದ್ದು ಯಾರ ಹೆಸರಿನಲ್ಲೂ ಇರಲಿಲ್ಲ.

1980ರ ದಶಕದಲ್ಲಿ ನಮ್ಮ ಅಖಂಡ ಧಾರವಾಡ ಜಿಲ್ಲೆಯಲ್ಲಿ ಇದೇ ನಡೆಯಿತು. ಅದನ್ನು ತಡೆದವರಲ್ಲಿ ಬಹಳಷ್ಟು ಮಂದಿ ಇಲ್ಲಿ ಕೂತ ವಿದ್ಯಾರ್ಥಿಗಳಾದ ನಿಮ್ಮ ವಯಸ್ಸಿನವರು.

ಮೊದಲು ಕಾಗದದ ಕಥೆ ಹೇಳಿಬಿಡುತ್ತೇನೆ, ಏಕೆಂದರೆ ಬೇರು ಅಲ್ಲಿದೆ. 1818ರಲ್ಲಿ ಪೇಶ್ವೆಗಳು ಸೋತ ಮೇಲೆ ಧಾರವಾಡ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು, ಮುಂಬಯಿ ಇಲಾಖೆಗೆ ಸೇರಿತು. 1840ರ ದಶಕದಲ್ಲಿ ವಿಂಗೇಟ್ ಸಾಹೇಬನ ಉಸ್ತುವಾರಿಯಲ್ಲಿ ಇಲ್ಲಿ ಸರ್ವೆ ನಡೆಯಿತು. ಹೊಲಕ್ಕೊಂದು ನಂಬರು, ಮಣ್ಣಿಗೊಂದು ದರ್ಜೆ, ಮೂಲೆಗೊಂದು ಕಲ್ಲು. ಸರ್ವೆಯನ್ನು ನಾನು ಬೈಯುವುದಿಲ್ಲ. ರೈತನಿಗೆ ತನ್ನ ಹೊಲದ ಎಲ್ಲೆ ಎಲ್ಲಿ ಎಂಬುದು ಕಾಗದದ ಮೇಲೆ ಸಿಕ್ಕಿತು, ಅದು ಸಣ್ಣ ಮಾತಲ್ಲ. ಆದರೆ ಆ ಲೆಕ್ಕದಲ್ಲಿ ಎರಡೇ ಬಗೆಯ ನೆಲ: ಕಂದಾಯ ಕೊಡುವ ನೆಲ, ಕೊಡದ ನೆಲ. ಕೊಡದ ನೆಲಕ್ಕೆ ಒಡೆಯನಿಲ್ಲವೆಂದು ತೀರ್ಮಾನಿಸಿ, 1879ರ ಮುಂಬಯಿ ಭೂಕಂದಾಯ ಕಾನೂನಿನ 37ನೆಯ ಕಲಮಿನಲ್ಲಿ ಬರೆದೇಬಿಟ್ಟರು. ರಸ್ತೆ, ಹಳ್ಳ, ಕೆರೆ, ಮತ್ತು ಯಾವ ವ್ಯಕ್ತಿಗೂ ಸೇರದ ಎಲ್ಲ ಭೂಮಿ ಸರಕಾರದ್ದು. ಕಾಡಿನ ಮಟ್ಟಿಗೆ ಅದರ ಹಿಂದಿನ ವರ್ಷವೇ, 1878ರ ಅರಣ್ಯ ಕಾನೂನು ಅದೇ ಕೆಲಸ ಮಾಡಿ ಮುಗಿಸಿತ್ತು.

ಸ್ವಾತಂತ್ರ್ಯ ಬಂತು, ಏಕೀಕರಣವಾಯಿತು, ನಮ್ಮದೇ ವಿಧಾನಸಭೆ ಕೂತು ನಮ್ಮದೇ ಕಾನೂನು ಮಾಡಿತು. 1964ರ ಕರ್ನಾಟಕ ಭೂಕಂದಾಯ ಕಾನೂನಿನ 67ನೆಯ ಕಲಂ ತೆಗೆದು ಓದಿ. ರಸ್ತೆ, ಹಳ್ಳ, ಕೆರೆ, ಮತ್ತು ಇತರರ ಸ್ವತ್ತಲ್ಲದ ಎಲ್ಲ ಭೂಮಿ ಸರಕಾರದ್ದು. ರಾಣಿಯ ಜಾಗದಲ್ಲಿ ರಾಜ್ಯ ಬಂತು. ಊರು ಮಾತ್ರ ಎಲ್ಲಿತ್ತೋ ಅಲ್ಲೇ, ಅಂದರೆ ಲೆಕ್ಕದ ಹೊರಗೇ ಉಳಿಯಿತು.

ನಿಮ್ಮ ಊರಿನ ಯಾವುದೇ ಗಾಯರಾಣದ ಉತಾರ, ಅಂದರೆ ಪಹಣಿ, ತೆಗೆಸಿ ನೋಡಿ. ಮೂರನೆಯ ಕಲಮಿನಲ್ಲಿ ವಿಸ್ತೀರ್ಣ, ಅದರ ಕೆಳಗೆ ಖರಾಬು ಅ, ಖರಾಬು ಬ. ಒಂಬತ್ತನೆಯದು ಸ್ವಾಧೀನದಾರರ ಹೆಸರು. ಅಲ್ಲಿ 'ಸರಕಾರ' ಎಂದೋ, 'ಸರಕಾರಿ ಗಾಯರಾಣ' ಎಂದೋ ಇರುತ್ತದೆ. ಹನ್ನೊಂದು ಇತರ ಹಕ್ಕುಗಳಿಗೆ ಮೀಸಲು. ಅದು ಬಹಳ ಸಲ ಖಾಲಿ. ಮೇವಿಗೆ ಬರುವ ಕುರುಬರು, ಈಚಲು ಗರಿ ಕೊಯ್ಯುವ ಕೊರಮರು, ಆವಿಗೆ ಹಾಕಲು ಕಂಟಿ ಕಡಿಯುವ ಕುಂಬಾರರು, ಬಾರಿ ಹಣ್ಣು, ಕವಳಿ ಹಣ್ಣು ಆಯ್ದು ಸಂತೆಗೆ ಒಯ್ಯುವ ಮುದುಕಿಯರು, ಇವರೆಲ್ಲರ ಹಕ್ಕು ಇರಬೇಕಾದ ಕಲಂ ಅದು. ಖಾಲಿ ಇದೆ ಎಂಬ ಕಾರಣಕ್ಕೆ ಆ ನೆಲವನ್ನು ಯಾರಿಗೆ ಬೇಕಾದರೂ ಕೊಡಬಹುದು ಎಂದು ಸರಕಾರ ತಿಳಿದುಕೊಂಡಿತು.

ಕೊಟ್ಟದ್ದು ಯಾರಿಗೆ?

ತುಂಗಭದ್ರೆಯ ದಂಡೆಯ ಮೇಲೆ, ರಾಣೆಬೆನ್ನೂರು ತಾಲೂಕಿನ ಕುಮಾರಪಟ್ಟಣದಲ್ಲಿ, ಬಿರ್ಲಾ ಒಡೆತನದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಇದೆ. ರೇಯಾನ್ ನೂಲಿಗೆ ಬೇಕಾದ ತಿರುಳನ್ನು ಕಟ್ಟಿಗೆಯಿಂದ ತೆಗೆಯುವುದು ಅದರ ಕೆಲಸ. ಕಟ್ಟಿಗೆ ಎಂದರೆ ನೀಲಗಿರಿ. 1984ರ ನವೆಂಬರ್ 14ರಂದು ಕರ್ನಾಟಕ ಸರಕಾರ ಈ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಹೊಸ ಕಂಪನಿ ಹುಟ್ಟಿಸಿತು. ಜನರ ಬಾಯಲ್ಲಿ ಅದು ಕೆ.ಪಿ.ಎಲ್. ಆಗ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು. ಪಂಚಾಯತಿಗಳಿಗೆ ಅಧಿಕಾರ ಕೊಟ್ಟವರು ಎಂದು ನಾವು ಇವತ್ತಿಗೂ ಹೊಗಳುವ ಸರಕಾರವೇ ಇದನ್ನೂ ಮಾಡಿತು.

ಷರತ್ತುಗಳನ್ನು ಸಾವಕಾಶ ಕೇಳಿ. ಪಾಲು ಸರಕಾರದ್ದು ಶೇ. 51, ಹರಿಹರ ಪಾಲಿಫೈಬರ್ಸಿನದು ಶೇ. 49. ನಾಲ್ಕು ಜಿಲ್ಲೆಗಳಲ್ಲಿ ಗುರುತಿಸಿದ ನೆಲ 30,000 ಹೆಕ್ಟೇರು, ಅಂದರೆ ಸುಮಾರು 75 ಸಾವಿರ ಎಕರೆ. ಗುತ್ತಿಗೆ 40 ವರ್ಷಕ್ಕೆ. ಬಾಡಿಗೆ ಎಕರೆಗೆ ವರ್ಷಕ್ಕೆ ಒಂದು ರೂಪಾಯಿ. ಬೆಳೆದದ್ದರಲ್ಲಿ ಶೇ. 87.5 ನೇರ ಕಾರ್ಖಾನೆಗೆ. ಉಳಿದ ಶೇ. 12.5 ಕೂಡ ಬೇಕಾದರೆ ಅದೇ ಕೊಳ್ಳಬಹುದು. ತೋಟ ಎಬ್ಬಿಸಲು ಬೇಕಾದ ಬ್ಯಾಂಕ್ ಸಾಲಕ್ಕೆ ಸರಕಾರವೇ ಜಾಮೀನು. ಶೇ. 51ರ ಪಾಲುದಾರನಿಗೆ ಇಷ್ಟು ಕಡಿಮೆ ಸಿಗುವ ವ್ಯಾಪಾರವನ್ನು ನಮ್ಮ ಹುಬ್ಬಳ್ಳಿಯ ಜವಳಿ ಸಾಲಿನಲ್ಲಿ ಯಾರೂ ಮಾಡಲಾರರು.

ಈ ನೆಲ ಸಿ ಮತ್ತು ಡಿ ವರ್ಗದ್ದು, ಕಂದಾಯ ಇಲಾಖೆಯ ಬೀಳು, ಅಲ್ಲಿ ಏನೂ ಇಲ್ಲ ಎಂದು ಕಾಗದ ಹೇಳಿತು. ಏನೂ ಇಲ್ಲದ ನೆಲವೇ? ಮಳೆ ಬಿದ್ದ ಮೇಲೆ ಅಂಥ ನೆಲದಲ್ಲಿ ಒಂದು ಸುತ್ತು ನಡೆದು ಬನ್ನಿ. ಕಲ್ಲಿನ ಸಂದಿಯಲ್ಲಿ ಕರಕಿ, ಅದರಾಚೆ ಬಂದರಕಿ, ಮೊಣಕಾಲೆತ್ತರದ ಕಾರಿ ಕಂಟಿ, ನಡುವೆ ಒಂದೆರಡು ಜಾಲಿ, ಹಳ್ಳದ ಬದಿಗೆ ಈಚಲು. ನೋಡುವುದಕ್ಕೆ ಚಂದವಿಲ್ಲ, ಅದು ನಿಜ. ಆದರೆ ಪ್ರತಿಯೊಂದಕ್ಕೂ ಊರಿನಲ್ಲಿ ಒಬ್ಬ ಗಿರಾಕಿ ಇದ್ದಾನೆ. ಅಲ್ಲಿ ನೀಲಗಿರಿ ಹಚ್ಚಿದರೆ ದನ ಅದರ ಎಲೆಗೆ ಬಾಯಿ ಹಾಕುವುದಿಲ್ಲ. ಕಟ್ಟಿಗೆ ಕಾರ್ಖಾನೆಯದು. ಹೊಲವಿದ್ದ ಗೌಡರಿಗೆ ಇದರಿಂದ ದೊಡ್ಡ ತೊಂದರೆ ಇರಲಿಲ್ಲ, ಬದುವಿನ ಮೇವು ಅವರಿಗಿತ್ತು. ಹೊಲವಿಲ್ಲದವರಿಗೆ ಗಾಯರಾಣವೇ ಹೊಲ. ಹಾಗಾಗಿ ಊರೆಂದರೆ ಒಂದೇ ಮನಸ್ಸಿನ ಸಮುದಾಯ ಎಂಬ ಭ್ರಮೆಯನ್ನು ಇಂಥ ಹೋರಾಟ ಕಟ್ಟುವವರು ಮೊದಲು ಬಿಡಬೇಕಾಗುತ್ತದೆ.

ಈಗ ಮನುಷ್ಯರ ಕಥೆಗೆ ಬರೋಣ. ಎಸ್.ಆರ್. ಹಿರೇಮಠರು ಅಮೆರಿಕದ ಶಿಕಾಗೋದಲ್ಲಿದ್ದವರು, 1979ರಲ್ಲಿ ಮರಳಿ ಬಂದು ರಾಣೆಬೆನ್ನೂರು ತಾಲೂಕಿನ ಮೆಡ್ಲೇರಿಯಲ್ಲಿ ಗ್ರಾಮಾಭಿವೃದ್ಧಿ ಕೆಲಸಕ್ಕೆ ನಿಂತರು. 1984ರಲ್ಲಿ ಧಾರವಾಡದಲ್ಲಿ ಸಮಾಜ ಪರಿವರ್ತನ ಸಮುದಾಯ ಹುಟ್ಟಿತು. ಅದರ ಮೊದಲ ಜಗಳವೂ ಇದೇ ಕಾರ್ಖಾನೆಯೊಂದಿಗೆ. ಅದು ಹೊಳೆಗೆ ಬಿಡುತ್ತಿದ್ದ ನೀರಿನಿಂದ ಮೀನು ಸತ್ತು ತೇಲಿದವು, ಐರಣಿಯ ಸುತ್ತಮುತ್ತಲಿನ ಮೀನುಗಾರರ ಬಲೆ ಬರಿದಾಯಿತು. ಹೊಳೆಯ ಗೋಳಿನ ಬೆನ್ನು ಹತ್ತಿ ಹೋದವರಿಗೆ ಗಾಯರಾಣದ ಒಪ್ಪಂದವೂ ಎದುರಾಯಿತು.

ಆ ದಶಕದ ಧಾರವಾಡವನ್ನು ಇಲ್ಲಿ ಕೂತ ಹಿರಿಯರು ಬಲ್ಲರು. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗುಂಡು ಹಾರಿ ರೈತರು ಸತ್ತರು. ಎರಡು ವರ್ಷ ಕಳೆಯುವುದರೊಳಗೆ ಗೋಕಾಕ ಚಳವಳಿ. ದಲಿತ ಸಂಘರ್ಷ ಸಮಿತಿಯ ಹಾಡು, 'ಸಮುದಾಯ' ರಂಗತಂಡದ ಬೀದಿ ನಾಟಕ, ಹಾಸ್ಟೆಲ್ ಕೋಣೆಗಳಲ್ಲಿ ಮುಂಜಾವಿನ ತನಕ ವಾದ. ಅತ್ತ ಶಿರಸಿಯ ಸೀಮೆಯಲ್ಲಿ, 1983ರ ಸಪ್ಟೆಂಬರಿನಲ್ಲಿ, ಸಾಲ್ಕಣಿಯ ಯುವಕ ಮಂಡಳಿಯ ಹುಡುಗರು ಮತ್ತು ಹೆಂಗಸರು ಕಳಸೆ ಕಾಡಿಗೆ ನಡೆದು ಮರ ಅಪ್ಪಿ ನಿಂತರು. ಪಾಂಡುರಂಗ ಹೆಗಡೆಯವರು ಬೆಳೆಸಿದ ಅಪ್ಪಿಕೋ ಅಲ್ಲಿಂದ ಶುರು. ಅದೇ ವರ್ಷ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು, ಹುಣಸೆ, ಮಾವಿನ ಬೀಜ ಊರಿದ್ದರು. ನಾನು ಹೇಳಹೊರಟಿರುವ ಕುಸನೂರಿನ ಸತ್ಯಾಗ್ರಹ ಒಂಟಿ ಘಟನೆಯಲ್ಲ. ಹಾಗೆ ನೋಡಿದರೆ ನಮ್ಮ ನಾಡಿನದಷ್ಟೇ ಮಾತೂ ಅಲ್ಲ. ಆ ಹೊತ್ತಿನಲ್ಲೇ ಥಾಯ್ಲೆಂಡಿನ ಈಶಾನ್ಯ ಭಾಗದ ಹಳ್ಳಿಗರು ನೀಲಗಿರಿ ತೋಟಗಳ ವಿರುದ್ಧ ಎದ್ದಿದ್ದರು, 1989ರಲ್ಲಿ ಪೋರ್ಚುಗಲ್ಲಿನ ಒಂದು ಕಣಿವೆಯ ರೈತರು ಪೋಲೀಸರ ಕಣ್ಣೆದುರೇ ನೀಲಗಿರಿ ಕಿತ್ತೊಗೆದರು.

ಚಳವಳಿಯ ಮುಂದಾಳುಗಳೆಲ್ಲ ಹರೆಯದವರು ಎಂದು ಹೇಳಿದರೆ ಸುಳ್ಳಾದೀತು. 1986ರ ಡಿಸೆಂಬರಿನಲ್ಲಿ ಕೆ.ಪಿ.ಎಲ್. ವಿರುದ್ಧ ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿಯ ಅರ್ಜಿ ಹೋದಾಗ ಅರ್ಜಿದಾರರ ಜೊತೆ ಶಿವರಾಮ ಕಾರಂತರಿದ್ದರು. ಅವರಿಗಾಗ 84. ಆ ವಯಸ್ಸಿನಲ್ಲಿ ಕೋರ್ಟಿನ ಕಾಗದಕ್ಕೆ ಸಹಿ ಹಾಕುವ ಸಾಹಿತಿಗಳು ನಮ್ಮಲ್ಲಿ ಎಷ್ಟು ಮಂದಿ ಎಂಬುದನ್ನು ಬೇರೆ ದತ್ತಿ ಉಪನ್ಯಾಸಕ್ಕೆ ಬಿಡುತ್ತೇನೆ. ಆದರೆ ಸಹಿಯ ಹಿಂದೆ ಕಾಲುಗಳು ಬೇಕು. ಹಳ್ಳಿ ಹಳ್ಳಿಗೆ ಪಾದಯಾತ್ರೆ, ಗುಡಿಯ ಕಟ್ಟೆಯ ಮೇಲೆ ಸಭೆ, ಅಹಿಂಸೆಯ ತರಬೇತಿ ಶಿಬಿರ, ಸಹಿ ಸಂಗ್ರಹ, ಇವೆಲ್ಲ ಯುವಕರ ಹೆಗಲಿಗೆ ಬಿದ್ದ ಕೆಲಸ. ಕೋರ್ಟಿನ ಮುಂದೆ ನಿಲ್ಲಬೇಕಾದರೆ ಭಾಷಣ ಸಾಲದು. ಯಾವ ಊರು, ಯಾವ ಸರ್ವೆ ನಂಬರು, ಎಷ್ಟು ಎಕರೆ, ಅದನ್ನು ಯಾರು ಯಾವುದಕ್ಕೆ ಬಳಸುತ್ತಾರೆ, ಇವಕ್ಕೆ ಉತ್ತರ ಬೇಕು. ತಲಾಟಿಯ ಕಪಾಟಿನಲ್ಲಿರುವ ಕಾಗದ, ಊರಿನ ಮುದುಕರ ನೆನಪು, ಎರಡನ್ನೂ ಒಂದೆಡೆ ಇಟ್ಟು ನೋಡುವ ತಾಳ್ಮೆ ಬೇಕು.

ಇಲ್ಲಿ ನಾನು ಸರಕಾರದ ಕಂದಾಯದ ವಿರುದ್ಧ ಬೇರೆ ದಾರಿ ಹಿಡಿದ, ಇದೇ ಮಣ್ಣಿನ ಇನ್ನೊಬ್ಬ ಯುವಕನನ್ನು ನೆನೆಯಬೇಕು. ಮೋಟೆಬೆನ್ನೂರಿನ ಮೈಲಾರ ಮಹಾದೇವ 1911ರಲ್ಲಿ ಹುಟ್ಟಿದವರು. 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯವರೊಡನೆ ನಡೆದ ಕನ್ನಡಿಗ, ವಯಸ್ಸು ಹದಿನೆಂಟು. ಆಮೇಲೆ ಹಳ್ಳಿಯಲ್ಲಿ ಸೇವಾಶ್ರಮ ಕಟ್ಟಿದರು. 1942ರ ಚಳವಳಿಯಲ್ಲಿ ಭೂಗತರಾಗಿ ತಂಡ ಕಟ್ಟಿದರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ರೈತರಿಂದ ಎತ್ತಿದ ಕಂದಾಯದ ಹಣ ವಶಪಡಿಸಿಕೊಳ್ಳಲು ಹೋದಾಗ, ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠರೊಡನೆ ಗುಂಡಿಗೆ ಬಲಿಯಾದರು. ಅದಕ್ಕೂ ಮುಂಚೆ ಇದೇ ಅಖಂಡ ಜಿಲ್ಲೆಯ ಹಿರೇಕೆರೂರು, ಪಕ್ಕದ ಅಂಕೋಲೆ, ಸಿದ್ದಾಪುರಗಳಲ್ಲಿ ಕರನಿರಾಕರಣೆ ಮಾಡಿ ಹೊಲ ಮನೆ ಜಪ್ತಿಗೆ ಕೊಟ್ಟ ಕುಟುಂಬಗಳಿದ್ದವು. ಆ ಹೊಲಗಳು ತಿರುಗಿ ಕೈಸೇರಲು ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಸರಕಾರ ಬರಬೇಕಾಯಿತು.

ಹಿರಿಯ ತಲೆಮಾರಿನ ಆ ಹುಡುಗರು ಊರ ಚಾವಡಿಗೆ ಬೆಂಕಿ ಇಟ್ಟರು, ದಫ್ತರ ಸುಟ್ಟರು. ಪರಕೀಯರ ಲೆಕ್ಕದ ಪುಸ್ತಕ ಇರಲೇಬಾರದು ಎಂಬ ಸಿಟ್ಟು ಅವರದು. ಅವರ ಮೊಮ್ಮಕ್ಕಳ ವಯಸ್ಸಿನವರು ಅದೇ ದಫ್ತರವನ್ನು ಬಿಚ್ಚಿ ಓದಿದರು. ಎರಡರಲ್ಲಿ ಎರಡನೆಯದೇ ಹೆಚ್ಚು ಕಷ್ಟದ ಕೆಲಸ ಎಂದು ನನ್ನ ಅಭಿಪ್ರಾಯ. ಸುಟ್ಟ ದಫ್ತರವನ್ನು ಸರಕಾರ ಮತ್ತೆ ಬರೆಸುತ್ತದೆ, ಬರೆಸಿತು ಕೂಡ. ಓದಿದ ದಫ್ತರದ ಎದುರು ಅದು ಉತ್ತರ ಕೊಡಬೇಕಾಗುತ್ತದೆ. ಮಹಾದೇವರ ತ್ಯಾಗವನ್ನು ಕಿರಿದು ಮಾಡುವುದಕ್ಕೆ ಈ ಮಾತು ಹೇಳುತ್ತಿಲ್ಲ. ಅವರ ಎದುರಿಗೆ ಓದಿ ಕೇಳಬಹುದಾದ ಕೋರ್ಟು ಇರಲಿಲ್ಲ. ನಮಗಿದೆ.

1987ರ ಆರಂಭದಲ್ಲಿ ಸುಪ್ರೀಂ ಕೋರ್ಟು ತಡೆಯಾಜ್ಞೆ ಕೊಟ್ಟಿತು. ಇನ್ನು ಮುಂದೆ ಕೆ.ಪಿ.ಎಲ್.ಗೆ ಹೊಸದಾಗಿ ನೆಲ ಕೊಡಕೂಡದು. ಆದರೆ ಅಷ್ಟರೊಳಗೆ ಕೊಟ್ಟುಹೋದ ನೆಲದಲ್ಲಿ ನೀಲಗಿರಿ ಏಳುತ್ತಲೇ ಇತ್ತು. ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಹಾಗೆ ಹೋದ ನೆಲ ನಾಲ್ಕು ನೂರು ಎಕರೆಯ ಆಸುಪಾಸು. ಕೋರ್ಟಿನ ಕಾಗದ ಕೈಯಲ್ಲಿದ್ದರೂ ಕಣ್ಣೆದುರು ಸಸಿ ಬೆಳೆಯುವುದನ್ನು ನೋಡುತ್ತ ಕೂರುವುದು ಸುಲಭವಲ್ಲ.

1987ರ ನವೆಂಬರ್ 14. ಒಪ್ಪಂದಕ್ಕೆ ಸರಿಯಾಗಿ ಮೂರು ವರ್ಷ. ಎರಡು ಸಾವಿರದ ಸಮೀಪ ಜನ ಕುಸನೂರಿನಲ್ಲಿ ಕೂಡಿದರು, ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿದ್ದರು. ಮೊದಲು ಅಹಿಂಸೆಯ ಪ್ರತಿಜ್ಞೆ. ಆಮೇಲೆ ವಾದ್ಯದವರನ್ನು ಮುಂದಿಟ್ಟುಕೊಂಡು ಮೆರವಣಿಗೆ. ಸತ್ಯಾಗ್ರಹಕ್ಕೆ ಅವರಿಟ್ಟ ಹೆಸರು 'ಕಿತ್ತಿಕೋ–ಹಚ್ಚಿಕೋ'. ನೆಲ ಮುಟ್ಟಿದ ಮೇಲೆ ಜನ ಸಣ್ಣ ಸಣ್ಣ ಗುಂಪಾಗಿ ಹಂಚಿಹೋದರು. ಪೋಲೀಸರು ತಡೆಯುವುದರೊಳಗೆ ನೂರರಷ್ಟು ನೀಲಗಿರಿ ಸಸಿ ಕಿತ್ತಾಗಿತ್ತು, ಆ ಜಾಗದಲ್ಲಿ ಹಣ್ಣಿಗೆ, ಮೇವಿಗೆ ಒದಗುವ ಸಸಿ ಹಚ್ಚಿಯಾಗಿತ್ತು.

ನೂರು ಸಸಿ! ನಾಲ್ಕು ನೂರು ಎಕರೆಯಲ್ಲಿ ಅದು ಯಾವ ಲೆಕ್ಕ ಎಂದು ನಗುವವರು ಅವತ್ತೂ ಇದ್ದಿರಬೇಕು. ಆದರೆ ಕೀಳುವುದರಲ್ಲೇ ನಿಲ್ಲಿಸಿದ್ದರೆ ಮರುದಿನದ ಸುದ್ದಿಯಲ್ಲಿ ಅದು ಸರಕಾರಿ ಆಸ್ತಿಯ ನಾಶವಾಗುತ್ತಿತ್ತು. ಹಚ್ಚಿದ್ದರಿಂದ ಅದು ಒಡೆತನದ ಘೋಷಣೆಯಾಯಿತು. ಈ ನೆಲದಲ್ಲಿ ಏನು ಬೆಳೆಯಬೇಕು ಎಂದು ನಿರ್ಧರಿಸುವವರು ನಾವು ಎಂದು ಹನ್ನೊಂದನೆಯ ಕಲಮಿನಲ್ಲಿ ಜಾಗ ಸಿಗದವರು ನೆಲದ ಮೇಲೆಯೇ ಬರೆದರು. ಕೋರ್ಟಿಗೂ ಬಯಲಿಗೂ ನಡುವೆ ಹೀಗೆ ಓಡಾಡಿದ್ದೇ ಈ ಹೋರಾಟದ ಜಾಣತನ. ಬರೀ ಕೋರ್ಟನ್ನು ನಂಬಿದ್ದರೆ ತಾರೀಖಿನ ಮೇಲೆ ತಾರೀಖು ಬೀಳುತ್ತಿತ್ತು. ಬರೀ ಬಯಲಿನಲ್ಲಿದ್ದರೆ ಕೇಸಿನ ಮೇಲೆ ಕೇಸು.

ಮುಂದೆ ನಡೆದದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಶಿಬಿರಗಳು, ಸತ್ಯಾಗ್ರಹದ ಸಿದ್ಧತೆಗಳು, ಮನವಿಗಳು ಮುಂದುವರಿದವು. 1991ರಲ್ಲಿ ಸರಕಾರ ಕೆ.ಪಿ.ಎಲ್. ಮುಚ್ಚಿತು. ನಲವತ್ತು ವರ್ಷಕ್ಕೆಂದು ಬರೆದ ಗುತ್ತಿಗೆ ಏಳು ವರ್ಷ ಬಾಳಿತು. 2017ರಲ್ಲಿ ರಾಜ್ಯ ಸರಕಾರವೇ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು. ಅಂತರ್ಜಲ ಕುಸಿದದ್ದು ಅದರ ಕಾರಣ, ಕುಸನೂರಿನ ಮೇಲಿನ ಪ್ರೀತಿಯಲ್ಲ.

ಗೆದ್ದೆವು ಎನ್ನಬಹುದೇ? ಅರ್ಧ. ಕಂಪನಿ ಹೋಯಿತು, 67ನೆಯ ಕಲಂ ಉಳಿಯಿತು. ಕೆ.ಪಿ.ಎಲ್.ಗೆ ಬದಲು ನಾಳೆ ಯಾರು ಬಂದರೂ ಸರಕಾರ ಅದೇ ಉತಾರ ತೋರಿಸಿ ಅದೇ ನೆಲ ಕೊಡಬಹುದು. 2011ರಲ್ಲಿ ಮುಂಡರಗಿ ತಾಲೂಕಿನ ಹಳ್ಳಿಗುಡಿಯ ಸುತ್ತ ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಸಾವಿರಾರು ಎಕರೆ ತೆಗೆದುಕೊಳ್ಳಲು ಹೊರಟಾಗ ರೈತರೂ ಗದುಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳೂ ಬೀದಿಗಿಳಿದು ಅದನ್ನು ನಿಲ್ಲಿಸಿದರು. ಕಪ್ಪತಗುಡ್ಡದ ಸಂರಕ್ಷಿತ ಪಟ್ಟ ಹೋದಾಗಲೂ 2017ರಲ್ಲಿ ಗದಗಿನಲ್ಲಿ ಧರಣಿ ಕೂತ ಮೇಲೆಯೇ ಅದು ಮರಳಿದ್ದು. ಪ್ರತಿ ಸಲ ಜನ ಎದ್ದರೆ ಮಾತ್ರ ನೆಲ ಉಳಿಯುತ್ತದೆ ಎಂಬುದು ಹೆಮ್ಮೆಯ ಸಂಗತಿಯೆಂದು ನಾನು ತಿಳಿದಿಲ್ಲ. ಪ್ರತಿ ಸಲ ಏಳಲಿಕ್ಕೆ ಜನರಿಗೆ ಬೇರೆ ಕೆಲಸವಿದೆ, ಕೂಲಿ ಇದೆ, ಮಕ್ಕಳಿದ್ದಾರೆ. ಬದಲಾಗಬೇಕಾದದ್ದು ಕಾನೂನು. ಊರ ಸಾಮೂಹಿಕ ನೆಲವನ್ನು ಗ್ರಾಮಸಭೆಯ ಒಪ್ಪಿಗೆಯಿಲ್ಲದೆ ಯಾರಿಗೂ ಕೊಡಕೂಡದು ಎಂದು ಭೂಕಂದಾಯ ಕಾನೂನಿನಲ್ಲೇ ಬರೆಯುವ ತನಕ 1879 ಮುಗಿದಿಲ್ಲ.

ಕೈಗಾರಿಕೆ ಬೇಡವೇ, ನಮ್ಮ ಹುಡುಗರಿಗೆ ನೌಕರಿ ಬೇಡವೇ ಎಂದು ಸಭೆಯಲ್ಲಿ ಯಾರಾದರೂ ಕೇಳುತ್ತಾರೆ, ಕೇಳಲೂಬೇಕು. ಧಾರವಾಡದ ಬೇಲೂರು, ಮುಮ್ಮಿಗಟ್ಟಿಯಲ್ಲಿ ಕಾರ್ಖಾನೆಗಳು ಬಂದಿವೆ, ನಮ್ಮವರೂ ಅಲ್ಲಿ ದುಡಿಯುತ್ತಿದ್ದಾರೆ. ನನ್ನ ತಕರಾರು ಕಾರ್ಖಾನೆಯ ಮೇಲಲ್ಲ, ಎಕರೆಗೆ ಒಂದು ರೂಪಾಯಿಯ ಮೇಲೆ. ಖಾಸಗಿ ಹೊಲವಾದರೆ ಚೌಕಾಸಿ ನಡೆಯುತ್ತದೆ, ಪರಿಹಾರ ಏರುತ್ತದೆ, ಕೋರ್ಟಿಗೆ ಹೋದರೆ ಇನ್ನಷ್ಟು. ಗಾಯರಾಣ ಕಳೆದುಕೊಂಡ ಕುರಿಗಾರ ಯಾರ ಹತ್ತಿರ ಚೌಕಾಸಿ ಮಾಡಬೇಕು?

ಕೊನೆಯದಾಗಿ ಈ ಸಭೆಗೆ ಒಂದು ಕೋರಿಕೆ. ಕುಸನೂರಿನ ಬಗ್ಗೆ ಪುಸ್ತಕಗಳಿವೆ, ಪರಿಸರ ಚರಿತ್ರೆಕಾರರು ದೇಶ ವಿದೇಶಗಳಲ್ಲಿ ಅದನ್ನು ಉದಾಹರಿಸಿದ್ದಾರೆ. ಅವುಗಳಲ್ಲಿ ಹಿರೇಮಠರ ಹೆಸರಿದೆ, ಕಾರಂತರ ಹೆಸರಿದೆ. ಹಳ್ಳಿಯಿಂದ ಹಳ್ಳಿಗೆ ನಡೆದ ಹುಡುಗರ, ಪ್ರತಿಜ್ಞೆ ತೆಗೆದುಕೊಂಡು ಸಸಿ ಕಿತ್ತ ಹೆಣ್ಣುಮಕ್ಕಳ ಹೆಸರುಗಳು ಅಷ್ಟಾಗಿ ಇಲ್ಲ. ಅವತ್ತು ಇಪ್ಪತ್ತರ ಪ್ರಾಯದಲ್ಲಿದ್ದವರು ಇವತ್ತು ಅರವತ್ತರ ಆಚೀಚೆ ಇದ್ದಾರೆ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇತಿಹಾಸ, ಸಮಾಜಶಾಸ್ತ್ರ, ಕನ್ನಡ ಓದುತ್ತಿರುವವರು ಇಲ್ಲಿ ಹಲವರು ಕೂತಿದ್ದೀರಿ. ಹಾನಗಲ್ಲಿಗೆ ಬಸ್ಸಿದೆ. ಹೋಗಿ, ಅವರನ್ನು ಹುಡುಕಿ, ಅವರು ಹೇಳುವುದನ್ನು ಅವರದೇ ಮಾತಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಈ ಕೆಲಸಕ್ಕೆ ಇನ್ನು ಹೆಚ್ಚು ವರ್ಷ ಉಳಿದಿಲ್ಲ.